ಹಳೆ ಲಾರಿಯ ಡೀಸೆಲ್ ಲೈನಿಗೆ ಏರ್ ಹಿಡಿದರೆ ನಾನು ಹುಡುಕುವ ಬಗೆ

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಮುರಕಲ್ಲು ಹೊರುವ ಹಳೆ ಲಾರಿಗಳಲ್ಲಿ, ಅಂದರೆ ಇನ್‌ಲೈನ್ ಪಂಪಿನ (ನಾಝಲ್‌ಗಳಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಹಳೆ ಬಗೆಯ ಪಂಪ್) ಗಾಡಿಗಳಲ್ಲಿ, ಈ ದೂರು ಸಾಮಾನ್ಯ. ಬೆಳಗ್ಗೆ ಸ್ಟಾರ್ಟ್ ಆಗಿ ಸ್ವಲ್ಪ ಹೊತ್ತಿಗೇ ನಿಲ್ಲುತ್ತದೆ. ಪ್ರೈಮರ್ (ಡೀಸೆಲ್ ಎಳೆಯುವ ಕೈಪಂಪ್) ಹೊಡೆದರೆ ಮತ್ತೆ ಓಡುತ್ತದೆ. ಲೋಡಿನಲ್ಲಿ ಚಡಾವು ಹತ್ತುವಾಗ ಎಳೆತ ಬಿಡುತ್ತದೆ. ಏರ್ ಹಿಡಿದಿದೆ (ಲೈನಿನೊಳಗೆ ಗಾಳಿ ಸೇರಿದೆ) ಎಂದು ಡ್ರೈವರಿಗೂ ಗೊತ್ತಾಗುತ್ತದೆ, ಎಲ್ಲಿಂದ ಎಂಬುದು ತಿಳಿಯುವುದಿಲ್ಲ. ಅದು ತಿಳಿಯದೆ ಇನ್‌ಲೈನ್ ಪಂಪ್ ಬಿಚ್ಚಿ ಅಳತೆ ಸರಿಪಡಿಸುವ ಕ್ಯಾಲಿಬ್ರೇಷನ್‌ಗೆ ಕಳಿಸಿದರೆ ದುಡ್ಡು ದಂಡ.

ಟ್ಯಾಂಕಿನ ಡೀಸೆಲನ್ನು ಎಳೆದು ಫಿಲ್ಟರಿಗೆ ತಳ್ಳುವ ಸಣ್ಣ ಪಂಪೇ ಫೀಡ್ ಪಂಪ್. ಟ್ಯಾಂಕಿನಿಂದ ಅದರವರೆಗೆ ಡೀಸೆಲನ್ನು ಎಳೆಯುವ ಭಾಗ. ಅಲ್ಲಿ ತೂತಿದ್ದರೆ ಗಾಳಿ ಒಳಗೆ ಹೋಗುತ್ತದೆ, ಡೀಸೆಲ್ ಹೊರಗೆ ಬರುವುದಿಲ್ಲ. ಫೀಡ್ ಪಂಪಿನ ನಂತರ ತಳ್ಳುವ ಭಾಗ. ಅಲ್ಲಿ ತೂತಿದ್ದರೆ ಇಂಜಿನ್ ಓಡುವಾಗ ಡೀಸೆಲ್ ಒಸರುತ್ತದೆ. ನಮ್ಮ ಕೆಂಪು ಧೂಳು ಇದಕ್ಕೆ ಒಳ್ಳೆಯ ಗುರುತು. ಫಿಲ್ಟರ್ ಹೆಡ್ಡಿನ ಸುತ್ತ ಧೂಳು ಒದ್ದೆಯಾಗಿ ಕಪ್ಪಾಗಿದ್ದರೆ ಅಲ್ಲಿನ ವಾಷರ್ ನೋಡಬೇಕು. ಎಲ್ಲ ಕಡೆ ಒಣಗಿದ್ದೂ ಏರ್ ಬರುತ್ತಿದ್ದರೆ ಎಳೆಯುವ ಭಾಗದ ಮೇಲೆಯೇ ನನ್ನ ಸಂಶಯ.

ಮೊದಲು ಟ್ಯಾಂಕಿನ ಮುಚ್ಚಳ ಸಡಿಲಿಸಿ ಓಡಿಸುತ್ತೇನೆ. ಮಳೆಗಾಲದ ಕೆಸರು ಮುಚ್ಚಳದ ಗಾಳಿಕಿಂಡಿಯಲ್ಲಿ ಕಟ್ಟಿಕೊಂಡರೂ ಎಂಜಿನ್ ಹೀಗೆಯೇ ಸೊರಗುತ್ತದೆ. ಆಮೇಲೆ ಸ್ಟ್ರೇನರ್ (ಕಸ ತಡೆಯುವ ಜಾಲರಿ) ಬಿಚ್ಚಿ ತೊಳೆಯುತ್ತೇನೆ. ಅದು ಕಟ್ಟಿಕೊಂಡಷ್ಟೂ ಎಳೆತ ಹೆಚ್ಚಿ, ಇಲ್ಲದಿದ್ದರೆ ಸುಮ್ಮನಿರುತ್ತಿದ್ದ ಸಣ್ಣ ಬಿರುಕೂ ಗಾಳಿ ಕುಡಿಯತೊಡಗುತ್ತದೆ.

ಇಷ್ಟಾದರೂ ಹೋಗದಿದ್ದರೆ ಫೀಡ್ ಪಂಪಿಗೆ ಬರುವ ಕಡೆ ಒಂದು ಅಡಿ ಪಾರದರ್ಶಕ ಪೈಪ್ ಹಾಕುತ್ತೇನೆ, ಫೀಡ್ ಪಂಪಿನಿಂದ ಫಿಲ್ಟರಿಗೆ ಹೋಗುವ ಕಡೆ ಇನ್ನೊಂದು. ಎರಡಕ್ಕೂ ಕ್ಲಿಪ್ ಬೇಕು, ಸೈಲೆನ್ಸರ್ ಪೈಪಿನ ಬಿಸಿ ತಾಗಬಾರದು. ಜೋಡಿಸಿದ ಕೂಡಲೇ ಕಾಣುವ ಗುಳ್ಳೆ ಲೆಕ್ಕಕ್ಕಿಲ್ಲ. ಹತ್ತು ನಿಮಿಷ ಓಡಿದ ಮೇಲೆ ನೋಡಿ. ಮೊದಲ ಪೈಪಿನಲ್ಲೇ ಗುಳ್ಳೆ ಬಂದರೆ ತಪ್ಪು ಟ್ಯಾಂಕಿನ ಕಡೆ. ಅಲ್ಲಿ ಚೊಕ್ಕವಾಗಿದ್ದು ಎರಡನೆಯದರಲ್ಲಿ ಬಂದರೆ ಫೀಡ್ ಪಂಪ್ ಅಥವಾ ಅದರ ಮೇಲಿನ ಪ್ರೈಮರ್. ಪ್ರೈಮರಿನ ಹಿಡಿಯ ಬುಡಕ್ಕೆ ದಪ್ಪಗೆ ಗ್ರೀಸ್ ಮೆತ್ತಿ ನೋಡುತ್ತೇನೆ. ಗುಳ್ಳೆ ನಿಂತರೆ ಒಳಗಿನ ಸೀಲು ಸವೆದಿದೆ, ಪ್ರೈಮರನ್ನೇ ಬದಲಿಸುವುದು ಲೇಸು. ಹೊಡೆದ ಮೇಲೆ ಹಿಡಿಯನ್ನು ತಿರುಗಿಸಿ ಬಿಗಿಯದೆ ಬಿಟ್ಟಿದ್ದರೂ ಇದೇ ಪರಿಣಾಮ. ಇದನ್ನು ಕ್ಲೀನರ್ ಹುಡುಗರಿಗೆ ಮೊದಲೇ ಹೇಳಿಕೊಡಬೇಕು.

ಟ್ಯಾಂಕಿನ ಕಡೆ ಎಂದು ಗೊತ್ತಾದ ಮೇಲೂ ಲೈನ್ ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಐದು ಲೀಟರ್ ಕ್ಯಾನಿನಲ್ಲಿ ಸೋಸಿದ ಡೀಸೆಲ್ ಹಾಕಿ, ಅದರಿಂದ ನೇರ ಫೀಡ್ ಪಂಪಿಗೆ ಹೊಸ ಪೈಪ್ ಕೊಡಿ. ಕ್ಯಾನ್ ಪಂಪಿಗಿಂತ ಕೆಳಗೇ ಇರಲಿ. ಮೇಲೆ ತೂಗಿದರೆ ಡೀಸೆಲ್ ತಾನಾಗಿ ಇಳಿದು ಬಂದು, ಫೀಡ್ ಪಂಪಿನ ಇನ್‌ಲೆಟ್ಟಿನ ತಪ್ಪು ಮರೆಯಾಗುತ್ತದೆ. ಗುಳ್ಳೆ ನಿಂತರೆ ಹಳೆ ಲೈನೇ ಕಾರಣ.

ಆ ಲೈನನ್ನು ಎರಡೂ ತುದಿ ಬಿಚ್ಚಿ ತೆಗೆಯುತ್ತೇನೆ. ಒಂದು ತುದಿಗೆ ಬೂಚು ಹಾಕಿ, ಇನ್ನೊಂದರಿಂದ ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದು ಬಕೆಟ್ ನೀರಿನಲ್ಲಿ ಮುಳುಗಿಸಿದರೆ ಪಂಕ್ಚರ್ ಹುಡುಕಿದಂತೆಯೇ. ಮತ್ತೆ ಹಾಕುವ ಮೊದಲು ನೀರು ಪೂರ್ತಿ ಊದಿ ಒಣಗಿಸಬೇಕು. ರಬ್ಬರ್ ಪೈಪನ್ನು ನೀರಿನೊಳಗೇ ಬಗ್ಗಿಸಿ ನೋಡಿ, ನೆಟ್ಟಗಿರುವಾಗ ಮುಚ್ಚಿಕೊಳ್ಳುವ ಬಿರುಕು ಬಗ್ಗಿಸಿದಾಗ ಬಾಯಿ ಬಿಡುತ್ತದೆ. ಟ್ಯಾಂಕಿಗೆ ಕಂಪ್ರೆಸರ್ ಗಾಳಿ ಕೊಡಬೇಡಿ. ತಗಡಿನ ಟ್ಯಾಂಕ್ ಉಬ್ಬುತ್ತದೆ, ಬೆಸುಗೆ ಬಿಡುತ್ತದೆ.

ಲೈನೂ ಸರಿಯಿದ್ದರೆ ಟ್ಯಾಂಕಿನೊಳಗಿನ ಎಳೆಯುವ ಪೈಪ್ ಉಳಿಯಿತು. ಟ್ಯಾಂಕ್ ತುಂಬಿರುವಾಗ ಗಾಡಿ ಚೆನ್ನಾಗಿದ್ದು ಅರ್ಧಕ್ಕಿಂತ ಇಳಿದಾಗ ಮಾತ್ರ ಏರ್ ಹಿಡಿದರೆ ಆ ಪೈಪಿನಲ್ಲಿ ಬಿರುಕು ಇರುತ್ತದೆ. ಬಿರುಕು ಡೀಸೆಲಿನೊಳಗೆ ಮುಳುಗಿರುವಷ್ಟು ಹೊತ್ತು ಅದು ಗಾಳಿ ಎಳೆಯಲಾರದು. ಆದ್ದರಿಂದ "ಯಾವ ಮಟ್ಟದಲ್ಲಿ ತೊಂದರೆ ಶುರು?" ಎಂದು ಡ್ರೈವರನ್ನು ಕೇಳದೆ ನಾನು ಸ್ಪ್ಯಾನರ್ ಮುಟ್ಟುವುದಿಲ್ಲ.

ಹಗಲೆಲ್ಲ ಸರಿಯಿದ್ದು ಬೆಳಗ್ಗೆ ಮಾತ್ರ ತಕರಾರಿದ್ದರೆ, ಸೆಲ್ಫ್ ಹೊಡೆಯುವ ಮೊದಲು ಪ್ರೈಮರ್ ಹೊಡೆದು ಎಣಿಸಿ. ನಾಲ್ಕೈದಕ್ಕೆ ಕೈಗೆ ಗಟ್ಟಿ ಸಿಕ್ಕಿದರೆ ಡೀಸೆಲ್ ನಿಂತಿದೆ. ಇಪ್ಪತ್ತು ಮೂವತ್ತು ಬೇಕಾದರೆ ರಾತ್ರಿ ಟ್ಯಾಂಕಿಗೆ ಹಿಂದೆ ಇಳಿದಿದೆ. ಆಗ ಡೀಸೆಲ್ ಹಿಂದೆ ಹೋಗದಂತೆ ತಡೆಯುವ ಫೀಡ್ ಪಂಪಿನ ವಾಲ್ವುಗಳಲ್ಲಿ ಕಸ ಕೂತಿದೆಯೇ ನೋಡುತ್ತೇನೆ.

ಜೋಡಿಸುವಾಗ ಬ್ಯಾಂಜೊ ಬೋಲ್ಟಿನ (ಪೈಪ್ ಜೋಡಿಸುವ, ಡೀಸೆಲ್ ಹಾಯಲು ಒಳಗೆ ತೂತಿರುವ ಬೋಲ್ಟ್) ಎರಡೂ ಕಡೆ ಹೊಸ ತಾಮ್ರದ ವಾಷರ್. ಸಿಗದಿದ್ದರೆ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ, ಮೇಲಿನ ಕರಿ ಉಜ್ಜಿ ತೆಗೆಯಿರಿ. ಟೆಫ್ಲಾನ್ ಟೇಪ್ ಬೇಡವೇ ಬೇಡ. ಅದರ ಎಳೆ ಫೀಡ್ ಪಂಪಿನ ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಏರ್ ತೆಗೆಯುವುದು ಮೊದಲ ಫಿಲ್ಟರ್, ಎರಡನೆಯದು, ಇನ್‌ಲೈನ್ ಪಂಪಿನ ಬ್ಲೀಡ್ ಸ್ಕ್ರೂ (ಗಾಳಿ ಬಿಡುವ ಸ್ಕ್ರೂ) ಎಂಬ ಕ್ರಮದಲ್ಲಿ. ಬರೀ ನೊರೆ ನಿಂತು ಗಟ್ಟಿ ಧಾರೆ ಬಂದಾಗ ಬಿಗಿಯಿರಿ. ನಾಝಲ್ ನಟ್ ಸಡಿಲಿಸಿ ಸೆಲ್ಫ್ ಹೊಡೆಯಬೇಕಾಗಿ ಬಂದರೆ ಗಾಡಿ ನ್ಯೂಟ್ರಲ್‌ನಲ್ಲಿರಲಿ, ಚಕ್ರಕ್ಕೆ ಕಲ್ಲು ಕೊಡಿ, ಧಾರೆಗೆ ಕೈ ಒಡ್ಡಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಪಾರದರ್ಶಕ ಪೈಪನ್ನು ಒಂದು ಲೋಡ್ ಚಡಾವು ಹತ್ತಿ ಬರುವವರೆಗೆ ಬಿಟ್ಟು ಆಮೇಲೆ ತೆಗೆದುಬಿಡುತ್ತೇನೆ. ಡೀಸೆಲ್ ತಾಗಿ ತಾಗಿ ಅದು ಗಡುಸಾಗುತ್ತದೆ, ಬಿಟ್ಟರೆ ಮುಂದಿನ ಏರ್ ಅಲ್ಲಿಂದಲೇ ಹಿಡಿಯುತ್ತದೆ.