ಪಶುರೋಗ ಲ್ಯಾಬ್‌ಗೆ ಸರ್ಕಾರಿ ಮಾನ್ಯತೆ: ನಮ್ಮ ಅನುಭವ

ಮಾನ್ಯತೆ ಎಂದರೆ ಇಡೀ ಲ್ಯಾಬ್‌ಗೆ ಎಂದೇ ಬಹಳ ಜನ ತಿಳಿದಿರುತ್ತಾರೆ. ನಿಜವಾಗಿ ಸಿಗುವುದು ಇಂಥ ರೋಗ, ಇಂಥ ವಿಧಾನ, ಇಂಥ ಸ್ಯಾಂಪಲ್ ಎಂದು ಹೆಸರಿಸಿದ ಸ್ಕೋಪ್‌ಗೆ. ಹಾಗಾಗಿ ಅರ್ಜಿಯಲ್ಲಿ ಉದ್ದ ಪಟ್ಟಿ ಹಾಕದೆ ದನಗಳಲ್ಲಿ ಗರ್ಭಪಾತ ತರುವ ಬ್ಯಾಕ್ಟೀರಿಯಾ ರೋಗ ಬ್ರುಸೆಲ್ಲೋಸಿಸ್ ಒಂದನ್ನೇ ಹಿಡಿದೆವು. ಸ್ಯಾಂಪಲ್ ದನದ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ; ಮೊದಲು ರೋಸ್ ಬೆಂಗಾಲ್ ಎಂಬ ಹನಿ ಪರೀಕ್ಷೆ, ಅದರಲ್ಲಿ ಪಾಸಿಟಿವ್ ಬಂದರೆ ಎಲೈಸಾ ಎಂಬ ಪ್ರತಿಕಾಯ ಪರೀಕ್ಷೆ. ಆ ಬ್ಯಾಕ್ಟೀರಿಯಾವನ್ನೇ ಲ್ಯಾಬಿನಲ್ಲಿ ಬೆಳೆಸಲು ಹೊರಟಿದ್ದರೆ ಜೈವಿಕ ಸುರಕ್ಷತೆಯ ಖರ್ಚಿಗೇ ಕೈ ಸುಟ್ಟುಕೊಳ್ಳುತ್ತಿದ್ದೆವು.

ಗುಣಮಟ್ಟ ವ್ಯವಸ್ಥೆಗೆ ಪರೀಕ್ಷಾ ಲ್ಯಾಬ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ/ಐಇಸಿ 17025ರ 2017ರ ಆವೃತ್ತಿ, ಪರೀಕ್ಷಾ ವಿಧಾನಕ್ಕೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಕೈಪಿಡಿ. ಕಾಗದಪತ್ರದ ಕಥೆ ಎಲ್ಲ ಕಡೆಯದೂ ಒಂದೇ, ಬಿಡಿ.

ರೋಸ್ ಬೆಂಗಾಲ್ ನೋಡಲು ಬಲು ಸುಲಭ. ಫ್ರಿಜ್‌ನಿಂದ ತೆಗೆದ ಆ್ಯಂಟಿಜೆನ್ (ಸತ್ತ ಬ್ಯಾಕ್ಟೀರಿಯಾಗೆ ಗುಲಾಬಿ ಬಣ್ಣ ಹಾಕಿದ ದ್ರವ) ಕೋಣೆಯ ಉಷ್ಣತೆಗೆ ಬರಬೇಕು. ಬಿಳಿ ತಟ್ಟೆಯ ಮೇಲೆ ಒಂದು ಹನಿ ಸೀರಂ, ಪಕ್ಕದಲ್ಲಿ ಅಷ್ಟೇ ಆ್ಯಂಟಿಜೆನ್; ಕಲಸಿ 4 ನಿಮಿಷ ತೂಗಿ ಕೂಡಲೇ ಓದಬೇಕು. ಗುಲಾಬಿ ಹನಿಯಲ್ಲಿ ಸಣ್ಣ ತರಿ ಕಂಡರೂ ಪಾಸಿಟಿವ್. ತಡಮಾಡಿದರೆ ಹನಿಯ ಅಂಚು ಒಣಗಿ ಇಲ್ಲದ ತರಿ ಇದ್ದಂತೆ ಕಾಣುತ್ತದೆ. ತಪಾಸಣೆಗೆ ಬಂದವರು ಹಿಡಿದದ್ದೂ ಅಲ್ಲೇ: ಈ ಟೈಮರ್ ಸರಿ ಇದೆ ಎನ್ನುವುದಕ್ಕೆ ದಾಖಲೆ ಎಲ್ಲಿ? ಆಮೇಲೆ ರಿಜಿಸ್ಟರಿನಿಂದ ಒಂದು ಹಳೆಯ ಸ್ಯಾಂಪಲ್ ನಂಬರ್ ಆರಿಸಿ ಅದರ ಜಾತಕವನ್ನೇ ಕೇಳಿದರು. ಯಾರು ತೆಗೆದುಕೊಂಡರು, ಬಂದಾಗ ತಣ್ಣಗಿತ್ತೇ, ರಕ್ತಕಣ ಒಡೆದು ಸೀರಂ ಕೆಂಪಾಗಿತ್ತೇ, ಯಾವ ಬ್ಯಾಚಿನ ಆ್ಯಂಟಿಜೆನ್, ಯಾವ ಪಿಪೆಟ್, ಉಳಿದ ಸೀರಂ ಈಗ ಯಾವ ಡಬ್ಬಿಯಲ್ಲಿದೆ. ಹೊಸ ಯಂತ್ರಗಳ ಕಡೆ ಯಾರೂ ತಿರುಗಿ ನೋಡಲಿಲ್ಲ!

ಲ್ಯಾಬಿನ ಫಲಿತಾಂಶ ಎಷ್ಟು ಸರಿ ಎಂದು ಹೊರಗಿನವರು ಅಳೆಯುವ ಪ್ರಾವೀಣ್ಯ ಪರೀಕ್ಷೆಗೆ ಉತ್ತರ ಮುಚ್ಚಿಟ್ಟ ಸೀರಂಗಳು ಬರುತ್ತವೆ. ಅವನ್ನು ಅತಿ ಅನುಭವಿಯ ಕೈಗೆ ಕೊಡುವ ಚಪಲ ಎಲ್ಲರಿಗೂ ಇರುತ್ತದೆ. ನಾವು ಆ ದಿನದ ಪಾಳಿಯಲ್ಲಿದ್ದವರಿಗೇ ಕೊಟ್ಟೆವು. ದಿನನಿತ್ಯದ ಸ್ಯಾಂಪಲ್ ನೋಡುವುದೂ ಅವರೇ ತಾನೆ.

ತಲೆಬಿಸಿ ಮಾಡಿದ್ದು ಫಲಿತಾಂಶ ತಿಳಿಸುವ ವಿಚಾರ. ಅಧಿಸೂಚಿತ ರೋಗ ಪಾಸಿಟಿವ್ ಬಂದರೆ ಪಶುವೈದ್ಯ ಅಧಿಕಾರಿಗೆ ವರದಿ ಹೋಗಲೇಬೇಕು. ಆದರೆ ದನದ ಮಾಲೀಕ ಮೊದಲೇ ಫೋನ್ ಮಾಡುತ್ತಾನೆ, ಪರಿಚಯದವನೇ ಆಗಿರುತ್ತಾನೆ. ಅದಕ್ಕೇ ಪರೀಕ್ಷೆ ಮಾಡುವವರಿಗೆ ಕೋಡ್ ನಂಬರ್ ಮಾತ್ರ ಕಾಣುವ ಹಾಗೆ ಮಾಡಿದೆವು. ಫೋನಿಗೆ ಉತ್ತರ ಕೊಡುವ ಮುಜುಗರ ತಾನಾಗಿಯೇ ತಪ್ಪಿತು.

ಈಗ ಸ್ಕೋಪ್‌ಗೆ ಪಿಸಿಆರ್ (ರೋಗಾಣುವಿನ ಡಿಎನ್ಎಯನ್ನು ಅನೇಕ ಪಟ್ಟು ವರ್ಧಿಸಿ ಪತ್ತೆಹಚ್ಚುವ ಪರೀಕ್ಷೆ) ಸೇರಿಸುವ ತಯಾರಿ ನಡೆದಿದೆ. ಮಿಶ್ರಣ ತಯಾರಿಗೆ, ಡಿಎನ್ಎ ತೆಗೆಯಲು, ವರ್ಧನೆಗೆ ಬೇರೆ ಬೇರೆ ಜಾಗ ಬೇಕು. ಯಾವ ಗೋಡೆ ಒಡೆಯುವುದು ಎಂಬ ಜಗಳ ಇನ್ನೂ ಮುಗಿದಿಲ್ಲ.