ಪ್ಯಾಕೇಜುಗಳ ತಕರಾರು ಬಿಡಿಸುವುದು ಹೇಗೆ?

ಸಿ ಭಾಷೆ ಕಲಿಯಲು ಹೊರಟ ವಿದ್ಯಾರ್ಥಿಯೊಬ್ಬ ಉಬುಂಟು 22.04 ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ, ಸಿ ಪ್ರೋಗ್ರಾಂ ಕಟ್ಟುವ ಸಾಧನಗಳನ್ನು ತರುವ ‘ಬಿಲ್ಡ್-ಎಸೆನ್ಷಿಯಲ್’ ಪ್ಯಾಕೇಜನ್ನು (ತಂತ್ರಾಂಶದ ಕಟ್ಟನ್ನು) ಇನ್‌ಸ್ಟಾಲ್ ಮಾಡಲು ಹೋದಾಗ ಕೆಲವೊಮ್ಮೆ ಪರದೆಯ ಮೇಲೆ ಒಂದು ದೂರು ಮೂಡುತ್ತದೆ. ‘ಲಿಬ್‌ಸಿ6-ಡೆವ್’ ಎಂಬ, ಪ್ರೋಗ್ರಾಂ ಬರೆಯುವವರಿಗೆ ಬೇಕಾದ ಕಡತಗಳ ಪ್ಯಾಕೇಜಿಗೆ ‘ಲಿಬ್‌ಸಿ6’ ಎಂಬ ಸಿ ಲೈಬ್ರರಿಯ 2.35-0ಉಬುಂಟು3 ಆವೃತ್ತಿಯೇ ಬೇಕು, ಆದರೆ ಯಂತ್ರದಲ್ಲಿರುವುದು 2.35-0ಉಬುಂಟು3.1 ಎಂಬುದು ಅದರ ತಾತ್ಪರ್ಯ. ಅದರ ಕೆಳಗೆ, ನೀವು ಮುರಿದ (ಬೇಡಿಕೆ ಈಡೇರದ) ಪ್ಯಾಕೇಜುಗಳನ್ನು ತಡೆಹಿಡಿದಿದ್ದೀರಿ, ಅಂದರೆ ಆವೃತ್ತಿ ಬದಲಾಗದಂತೆ ನಿಲ್ಲಿಸಿದ್ದೀರಿ ಎಂಬರ್ಥದ ಸಾಲೊಂದು ಬಂದು ತಪ್ಪನ್ನೆಲ್ಲ ಬಳಕೆದಾರನ ತಲೆಗೇ ಕಟ್ಟುತ್ತದೆ. ಹೆಚ್ಚಿನ ಸಲ ಅವನು ಏನನ್ನೂ ತಡೆಹಿಡಿದಿರುವುದಿಲ್ಲ. ಆದ್ದರಿಂದ ಆ ಕೊನೆಯ ಸಾಲಿಗೆ ಹೆದರದೆ, ಅದರ ಮೇಲಿರುವ ಸಾಲುಗಳಲ್ಲಿ ಯಾವ ಪ್ಯಾಕೇಜು ಯಾವುದರ ಯಾವ ಆವೃತ್ತಿಯನ್ನು ಕೇಳುತ್ತಿದೆ ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಮೊದಲ ಕೆಲಸ.

ಡೆಬಿಯನ್ ಮತ್ತು ಅದನ್ನು ಆಧರಿಸಿದ ಉಬುಂಟುವಿನಲ್ಲಿ ಪ್ರತಿ ಪ್ಯಾಕೇಜೂ ತನಗೆ ಬೇಕಾದವುಗಳ ಪಟ್ಟಿಯನ್ನು ಜೊತೆಯಲ್ಲೇ ತರುತ್ತದೆ. ಕನ್ನಡ ಫಾಂಟುಗಳಿಗಾಗಿ ಇರುವ ‘ಫಾಂಟ್ಸ್-ಕೆಎನ್‌ಡಿಎ’ಯನ್ನೇ ನೋಡಿ: ಅದರೊಳಗೆ ಒಂದು ಅಕ್ಷರವೂ ಇಲ್ಲ, ಇರುವುದು ಲೋಹಿತ್, ನವಿಲು ಮೊದಲಾದ ಫಾಂಟ್ ಪ್ಯಾಕೇಜುಗಳನ್ನು ಕರೆತರುವ ಪಟ್ಟಿ ಮಾತ್ರ. ಇಂತಹ ಪಟ್ಟಿಗಳನ್ನೆಲ್ಲ ಒಟ್ಟಿಗೆ ತೃಪ್ತಿಪಡಿಸುವ ಹೊಣೆ ಆಪ್ಟ್ ಎಂಬ ಸಾಧನದ್ದು. ಎರಡು ಬೇಡಿಕೆಗಳು ಒಂದಕ್ಕೊಂದು ಹೊಂದದೆ ಹೋದಾಗ ಅದು ಕೈಚೆಲ್ಲುತ್ತದೆ.

ಇನ್ನು ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ ತೆರೆಯೋಣ. ಓದುವ ಅನುಕೂಲಕ್ಕಾಗಿ ಇಲ್ಲಿ ಆದೇಶಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು. ಮೊದಲಿಗೆ ಬರುವ ‘ಸುಡೋ’ ಎಂದರೆ ಆದೇಶವನ್ನು ನಿರ್ವಾಹಕನ ಅಧಿಕಾರದಿಂದ ನಡೆಸು ಎಂದರ್ಥ. ‘ಸುಡೋ ಆಪ್ಟ್ ಅಪ್‌ಡೇಟ್’ ಎಂದು ಕೊಟ್ಟರೆ ಪ್ಯಾಕೇಜುಗಳ ಸೂಚಿ ಹೊಸದಾಗುತ್ತದೆ. ಹಿಂದಿನ ಇನ್‌ಸ್ಟಾಲೇಶನ್ ವಿದ್ಯುತ್ ಹೋಗಿಯೋ ಮತ್ತಾವುದೋ ಕಾರಣಕ್ಕೋ ಅರ್ಧಕ್ಕೆ ನಿಂತಿದ್ದರೆ ‘ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ’ ಅದನ್ನು ಪೂರ್ತಿ ಮಾಡುತ್ತದೆ. ಬಳಿಕ ‘ಸುಡೋ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’ ಕೊಡಬಹುದು. ಸಾಕಷ್ಟು ತಕರಾರುಗಳು ಇಷ್ಟಕ್ಕೇ ಬಗೆಹರಿಯುತ್ತವೆ.

ಬಗೆಹರಿಯದಿದ್ದರೆ ‘ಆಪ್ಟ್-ಕ್ಯಾಶ್ ಪಾಲಿಸಿ ಲಿಬ್‌ಸಿ6’ ಎಂದು ಕೇಳಬೇಕು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತ್ಯಂತ ಉಪಯುಕ್ತವಾದ ಆದೇಶ ಇದೇ. ಈಗ ಯಂತ್ರದಲ್ಲಿರುವ ಆವೃತ್ತಿ, ಹಾಕಲು ಸಿಗುವ ಆವೃತ್ತಿ, ಪ್ರತಿಯೊಂದೂ ಯಾವ ಮೂಲದಿಂದ (ಪ್ಯಾಕೇಜುಗಳ ಭಂಡಾರದಿಂದ) ಬರುತ್ತಿದೆ ಎಂಬ ವಿವರ ಎಲ್ಲವನ್ನೂ ಅದು ಮುಂದಿಡುತ್ತದೆ. ನಮ್ಮ ವಿದ್ಯಾರ್ಥಿಯ ಯಂತ್ರದಲ್ಲಿ 3.1 ಆವೃತ್ತಿಯ ಎದುರು ಯಾವ ಜಾಲತಾಣದ ವಿಳಾಸವೂ ಕಾಣದೆ, ಯಂತ್ರದ್ದೇ ಆದ ಸ್ಟೇಟಸ್ ಕಡತದ ಹೆಸರು ಮಾತ್ರ ಕಂಡರೆ ಗುಟ್ಟು ರಟ್ಟಾದಂತೆಯೇ. ಹಿಂದೊಮ್ಮೆ, 22.04ರ ಪರಿಷ್ಕರಣೆಗಳು ಬರುವ ‘ಜ್ಯಾಮಿ-ಅಪ್‌ಡೇಟ್ಸ್’ ಮೂಲದಿಂದ ಲಿಬ್‌ಸಿ6 ಮೇಲ್ದರ್ಜೆಗೇರಿದೆ. ಆಮೇಲೆ ಯಾರೋ ಆ ಮೂಲವನ್ನು ನಿಲ್ಲಿಸಿದ್ದಾರೆ. ಹೀಗಾಗಿ ಡೆವ್ ಪ್ಯಾಕೇಜು ಹಳೆಯದೊಂದೇ ಸಿಗುತ್ತಿದೆ. ಡೆವ್ ಪ್ಯಾಕೇಜುಗಳು ತಮ್ಮ ಲೈಬ್ರರಿಯ ಅದೇ ಆವೃತ್ತಿಯನ್ನು, ಚುಕ್ಕಿಯೂ ವ್ಯತ್ಯಾಸವಿಲ್ಲದಂತೆ, ಕೇಳುವುದು ವಾಡಿಕೆ. ‘ಸಾಫ್ಟ್‌ವೇರ್ ಆ್ಯಂಡ್ ಅಪ್‌ಡೇಟ್ಸ್’ ಕಿಟಕಿಯಲ್ಲಿ ಆ ಮೂಲವನ್ನು ಮತ್ತೆ ಆಯ್ಕೆ ಮಾಡಿ, ಸೂಚಿಯನ್ನು ಹೊಸದಾಗಿಸಿದರೆ ಸಾಕು. ಲಿಬ್‌ಸಿ6ನ್ನೇ ಹಳೆಯ ಆವೃತ್ತಿಗೆ ಇಳಿಸುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಯಂತ್ರದ ಹೆಚ್ಚುಕಡಿಮೆ ಎಲ್ಲ ಪ್ರೋಗ್ರಾಂಗಳೂ ಅದರ ಹೆಗಲ ಮೇಲೆ ಕುಳಿತಿವೆ.

ಪಾಲಿಸಿಯ ಉತ್ತರದಲ್ಲಿ ‘ಪಿಪಿಎ’ ಎಂಬ ಖಾಸಗಿ ಮೂಲದ ವಿಳಾಸ ಕಂಡರೆ ಜಗಳದ ಬೇರು ಬಹುಶಃ ಅಲ್ಲಿದೆ. ‘ಪಿಪಿಎ-ಪರ್ಜ್’ ಎಂಬ ಸಾಧನ ಆ ಮೂಲವನ್ನು ತೆಗೆದು, ಅಲ್ಲಿಂದ ಬಂದ ಪ್ಯಾಕೇಜುಗಳನ್ನು ಉಬುಂಟುವಿನ ಅಧಿಕೃತ ಆವೃತ್ತಿಗೆ ಮರಳಿಸುತ್ತದೆ. ನಿಜವಾಗಿಯೂ ತಡೆಹಿಡಿದ ಪ್ಯಾಕೇಜುಗಳಿದ್ದರೆ ‘ಆಪ್ಟ್-ಮಾರ್ಕ್ ಶೋಹೋಲ್ಡ್’ ತೋರಿಸುತ್ತದೆ, ‘ಅನ್‌ಹೋಲ್ಡ್’ ಬಿಡಿಸುತ್ತದೆ.

ಆಪ್ಟ್ ಸೂಚಿಸುವ ಯಾವ ಪರಿಹಾರಕ್ಕೂ, ಒಪ್ಪಿಗೆಯ ವೈ ಒತ್ತುವ ಮುನ್ನ, ಅದೇ ಆದೇಶಕ್ಕೆ ‘-ಎಸ್’ ಸೇರಿಸಿ ತಾಲೀಮು ನಡೆಸಿ ನೋಡಿ. ಏನೂ ಬದಲಾಗದೆ, ಏನೇನು ಬರುತ್ತದೆ, ಏನೇನು ಹೋಗುತ್ತದೆ ಎಂಬುದಷ್ಟೇ ತಿಳಿಯುತ್ತದೆ. 2021ರಲ್ಲಿ ಪಾಪ್ ಓಎಸ್‌ನಲ್ಲಿ (ಉಬುಂಟುವನ್ನು ಆಧರಿಸಿದ ಇನ್ನೊಂದು ವ್ಯವಸ್ಥೆ) ಆಟಗಳ ತಂತ್ರಾಂಶವಾದ ಸ್ಟೀಮ್ ಹಾಕಲು ಹೊರಟ ಪ್ರಸಿದ್ಧ ಯೂಟ್ಯೂಬರ್ ಒಬ್ಬರು, ತೆಗೆದುಹಾಕಲಾಗುವ ಪ್ಯಾಕೇಜುಗಳ ಪಟ್ಟಿಯನ್ನು ಲೆಕ್ಕಿಸದೆ ‘ಹೌದು, ನಾನು ಹೇಳಿದಂತೆ ಮಾಡು’ ಎಂಬರ್ಥದ ಒಪ್ಪಿಗೆಯನ್ನು ಟೈಪ್ ಮಾಡಿ, ಇಡೀ ಡೆಸ್ಕ್‌ಟಾಪನ್ನೇ ಕಳೆದುಕೊಂಡರು. ದೋಷ ಪ್ಯಾಕೇಜಿನಲ್ಲಿತ್ತು ನಿಜ, ಆದರೆ ಎಚ್ಚರಿಕೆಯೂ ಕಣ್ಣೆದುರೇ ಇತ್ತು.

ಕೆಲವು ಬೇಡಿಕೆಗಳನ್ನು ಪೂರೈಸದಿರುವುದೇ ಲೇಸು. ಉಬುಂಟು 20.04ಕ್ಕಾಗಿ ಸಿದ್ಧಪಡಿಸಿದ ಡೆಬ್ ಕಡತಗಳಲ್ಲಿ (ಬಿಡಿಯಾಗಿ ಸಿಗುವ ಪ್ಯಾಕೇಜು ಕಡತಗಳಲ್ಲಿ) ಹಲವು ‘ಲಿಬ್‌ಎಸ್‌ಎಸ್‌ಎಲ್1.1’ನ್ನು ಕೇಳುತ್ತವೆ, 22.04ರಲ್ಲಿರುವುದು ‘ಲಿಬ್‌ಎಸ್‌ಎಸ್‌ಎಲ್3’. ಹೆಸರುಗಳು ಬೇರೆಯಾದ್ದರಿಂದ ಹಳೆಯದನ್ನು ಎಲ್ಲಿಂದಲೋ ತಂದು ಪಕ್ಕದಲ್ಲಿ ಕೂರಿಸಿದರೂ ಕೆಲಸ ನಡೆದೀತು. ಆದರೆ ಇದು ಓಪನ್‌ಎಸ್‌ಎಸ್‌ಎಲ್ ಯೋಜನೆಯ ಗೂಢಲಿಪೀಕರಣದ ಲೈಬ್ರರಿ, ಅದರ 1.1.1 ಆವೃತ್ತಿಗೆ ಸಾರ್ವಜನಿಕ ಬೆಂಬಲ 2023ರ ಸೆಪ್ಟೆಂಬರ್ 11ಕ್ಕೇ ಮುಗಿದಿದೆ. ಹೀಗೆ ಕೈಯಾರೆ ತಂದಿಟ್ಟ ಪ್ರತಿಗೆ ಮುಂದೆ ಕಂಡುಬರುವ ಲೋಪಗಳ ತಿದ್ದುಪಡಿ ತಾನಾಗಿ ಬರುವುದಿಲ್ಲ. ಆ ತಂತ್ರಾಂಶದ ಹೊಸ ಆವೃತ್ತಿ ಅಥವಾ ಲೈಬ್ರರಿಗಳನ್ನು ತನ್ನೊಳಗೇ ಹೊತ್ತು ಬರುವ ಫ್ಲಾಟ್‌ಪ್ಯಾಕ್, ಸ್ನ್ಯಾಪ್ ರೂಪ ಸಿಗುತ್ತದೆಯೇ ಎಂದು ಹುಡುಕುವುದು ಮೇಲು. ಪೈಥಾನ್ ಪ್ಯಾಕೇಜುಗಳಿಗಾದರೆ ಪ್ರತಿ ಯೋಜನೆಗೂ ‘ವೆನ್ವ್’ನಿಂದ ಪ್ರತ್ಯೇಕ ಕೋಣೆ ಮಾಡಿಕೊಟ್ಟರೆ ಒಂದರ ಆವೃತ್ತಿ ಇನ್ನೊಂದರ ಕಾಲು ತುಳಿಯುವುದಿಲ್ಲ.

ಕೊನೆಯಲ್ಲಿ ‘ಸುಡೋ ಆಪ್ಟ್-ಗೆಟ್ ಚೆಕ್’ ಕೊಟ್ಟು, ಮುರಿದ ಅವಲಂಬನೆ ಉಳಿದಿದೆಯೇ ಎಂದು ನೋಡಿ. ಅದು ದೂರಿಲ್ಲದೆ ಮುಗಿದರೆ ಬಿಲ್ಡ್-ಎಸೆನ್ಷಿಯಲ್‌ನ್ನು ಮತ್ತೊಮ್ಮೆ ಕೇಳಬಹುದು.