ಸುಳಿಗಳ ಹಿಡಿತ ಅಳೆಯಲು ಒಂದು ತಂತಿ

ಕೆರೆ ಅಂಗಳದ ಜಾಲಿ ಮುಳ್ಳಿಗೆ ಸೆರಗು ಸಿಕ್ಕಿಕೊಂಡರೆ, ಮೆಲ್ಲಗೆ ಎಳೆದಾಗ ಕೊಂಬೆಯೂ ಜೊತೆಗೆ ಬಾಗುತ್ತದೆ. ಜೋರಾಗಿ ಎಳೆದರೆ ಸೆರಗು ಕಿತ್ತುಕೊಂಡು ಬರುತ್ತದೆ. ತುಂಬಾ ತಂಪಾದಾಗ ಕರೆಂಟಿಗೆ ಅಡ್ಡಿಯನ್ನೇ ಒಡ್ಡದ ವಸ್ತು ಸೂಪರ್‌ಕಂಡಕ್ಟರ್. ಅಂಥ ಕೆಲವು ವಸ್ತುಗಳ ಒಳಗೂ ಇದೇ ಕತೆ. ಕಾಂತಕ್ಷೇತ್ರ ಅವುಗಳೊಳಗೆ ತೆಳ್ಳನೆ ಎಳೆಗಳಾಗಿ ನುಗ್ಗುತ್ತದೆ, ಪ್ರತಿ ಎಳೆಯ ಸುತ್ತ ಕರೆಂಟ್ ಸುಳಿಯಂತೆ ಹರಿಯುತ್ತದೆ. ಭೌತವಿಜ್ಞಾನಿ ಅಬ್ರಿಕೊಸೊವ್ 1957ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು, 2003ರಲ್ಲಿ ನೊಬೆಲ್ ಬಂತು. ವಸ್ತುವಿನ ದೋಷಗಳೇ ಇಲ್ಲಿ ಮುಳ್ಳು. ಅವುಗಳ ಹಿಡಿತ ಎಷ್ಟು ಗಟ್ಟಿ ಎಂದು ಚಿಕ್ಕಬಳ್ಳಾಪುರದ ಕಾಲೇಜು ಲ್ಯಾಬಿನಲ್ಲೂ ಅಳೆಯಬಹುದು. ಚೂರನ್ನು ತಂತಿಗೆ ತೂಗುಬಿಟ್ಟು, ಸುತ್ತ ಕಾಂತ ತಿರುಗಿಸಿ, ತಂತಿ ಎಷ್ಟು ತಿರುಚಿಕೊಂಡಿತು ಎಂದು ನೋಡುವುದೇ ಉಪಾಯ.

ಇಟ್ರಿಯಂ, ಬೇರಿಯಂ, ತಾಮ್ರ ಮತ್ತು ಆಕ್ಸಿಜನ್ ಸೇರಿದ ವಸ್ತುವಿನ ಚೂರು ತಗೊಳ್ಳಿ. ಸುಮಾರು ಮೈನಸ್ 181 ಡಿಗ್ರಿಗಿಂತ ಕೆಳಗೆ ಅದು ಸೂಪರ್‌ಕಂಡಕ್ಟರ್. ದ್ರವ ನೈಟ್ರೋಜನ್ ಮೈನಸ್ 196, ಹಾಗಾಗಿ ಅದೇ ಸಾಕು. ಹಸುಗಳ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿ ಇಡುವ ಕ್ಯಾನ್ ನೋಡಿದ್ದೀರಲ್ವಾ? ಅದರೊಳಗಿರುವುದೂ ಇದೇ. ಕಿಟಕಿ ತೆರೆದಿರಲಿ, ಕನ್ನಡಕ ಹಾಕಿ, ಪಾತ್ರೆಯ ಬಾಯಿ ಬಿಗಿಯಾಗಿ ಮುಚ್ಚಬೇಡಿ.

ಚೂರು ಚಿಕ್ಕದಿರಬೇಕು. ದೊಡ್ಡ ಬಿಲ್ಲೆ ಕಾಂತಕ್ಕೆ ಅಂಟಿದ ಹಾಗೆ ತಿರುಗುತ್ತದೆ, ಸುಮ್ನೆ ತಂತಿ ಸುತ್ತಿಕೊಳ್ಳುತ್ತದೆ. 2 ಮಿ.ಮೀ. ಅಗಲ, 2 ಮಿ.ಮೀ. ಎತ್ತರದ ಉರುಳೆ ಆಕಾರದ ತುಂಡಾಗಿ ಉಜ್ಜಿ, ಊದುಬತ್ತಿ ಕಡ್ಡಿಯ ತುದಿಗೆ ಅಂಟಿಸಿ.

ಕಾಲು ಮಿ.ಮೀ. ದಪ್ಪದ ಫಾಸ್ಫರ್ ಬ್ರಾಂಜ್ ತಂತಿ 40 ಸೆಂ.ಮೀ. ಸಾಕು. ಗಿಟಾರಿನ ಸ್ಟೀಲ್ ತಂತಿಯನ್ನು ಕಾಂತ ಎಳೆಯುತ್ತದೆ. ಶಿಡ್ಲಘಟ್ಟದ ರೇಷ್ಮೆ ಎಳೆಯೂ ಬೇಡ, ತಿರುಚಿದರೆ ವಾಪಸ್ ತಿರುಗುವ ಬಲ ತೀರಾ ಕಡಿಮೆ. ತಂತಿಗೆ 10 ಸೆಂ.ಮೀ. ಉದ್ದ, 48 ಗ್ರಾಂ ತೂಕದ ಹಿತ್ತಾಳೆ ಕಂಬಿಯನ್ನು ನಡುಮಧ್ಯಕ್ಕೆ ಕಟ್ಟಿ ಅಡ್ಡಕ್ಕೆ ತೂಗುಬಿಡಿ. ತಿರುಚಿ ಬಿಟ್ಟಾಗ ಒಮ್ಮೆ ಹೋಗಿ ಬರಲು 6.3 ಸೆಕೆಂಡ್ ಹಿಡಿದರೆ, ತಂತಿಯ ಬಿಗಿ ರೇಡಿಯನ್‌ಗೆ (ಸುಮಾರು 57 ಡಿಗ್ರಿ ತಿರುಚಿಗೆ) ಸುಮಾರು 0.00004 ನ್ಯೂಟನ್-ಮೀಟರ್. ಕಂಬಿ ತೂಕಕ್ಕೆಂದು ಅಲ್ಲೇ ಇರಲಿ. ಅದರ ಕೆಳಗೆ ಚೂರು ಅಂಟಿಸಿದ ಕಡ್ಡಿ ಕಟ್ಟಿ, ಒಂದು ಚೂರು ಕನ್ನಡಿ ಅಂಟಿಸಿ ಲೇಸರ್ ಬಿಡಿ. ಕನ್ನಡಿ ತಿರುಗಿದ್ದರ ಎರಡರಷ್ಟು ಬೆಳಕು ತಿರುಗುತ್ತದೆ, ಇದನ್ನು ಮರೆತವರೇ ಜಾಸ್ತಿ.

ಈಗ ತಿರುಗುವ ಹಲಗೆಯ ಮೇಲೆ ಎರಡು ನಿಯೋಡಿಮಿಯಂ ಕಾಂತಗಳನ್ನು ಉತ್ತರಕ್ಕೆ ದಕ್ಷಿಣ ಎದುರಾಗುವಂತೆ ಇಡಿ. ನಡುವೆ ಥರ್ಮಾಕೋಲ್ ಕಪ್, ಅದರೊಳಗೆ ಚೂರು. ಕಪ್ ಹಲಗೆಗೆ ತಾಗಬಾರದು. ಕಾಂತ ಇರುವಾಗಲೇ ನೈಟ್ರೋಜನ್ ಸುರಿಯಿರಿ, ಆಗ ಸುಳಿಗಳು ಒಳಗೇ ಸಿಕ್ಕಿಬೀಳುತ್ತವೆ.

ಹಲಗೆಯನ್ನು ನಿಧಾನಕ್ಕೆ ತಿರುಗಿಸಿ. ಮೊದಮೊದಲು ಚೂರು ಕಾಂತದ ಹಿಂದೆಯೇ ಬರುತ್ತದೆ, ಗೋಡೆ ಮೇಲಿನ ಚುಕ್ಕೆ ಓಡುತ್ತದೆ. ಒಂದು ಹಂತದಲ್ಲಿ ಚುಕ್ಕೆ ನಿಂತೇಬಿಡುತ್ತದೆ. ಕಾಂತ ತಿರುಗುತ್ತಿದ್ದರೂ ಚೂರು ಬರುವುದಿಲ್ಲ. ಸುಳಿಗಳು ಮುಳ್ಳಿನಿಂದ ಕಿತ್ತುಕೊಂಡವು. ಹಿಮ್ಮುಖವಾಗಿಯೂ ತಿರುಗಿಸಿ ಇನ್ನೊಂದು ಅಳತೆ ತಗೊಳ್ಳಿ. ಎರಡೂ ಕಡೆ ಚೂರು ನಿಂತ ಕೋನಗಳ ನಡುವಿನ ಅಂತರದ ಅರ್ಧವೇ ಹಿಡಿತದ ಪಾಲು. ಉಳಿದದ್ದು ಹರಳಿನ ದಿಕ್ಕಿನಿಂದ ಬರಬಹುದು.

ಆ ಪಾಲು 0.3 ರೇಡಿಯನ್ ಬಂದರೆ ಟಾರ್ಕ್, ಅಂದರೆ ತಿರುಚುವ ಬಲ, 0.000012 ನ್ಯೂಟನ್-ಮೀಟರ್. ಅದನ್ನು ಚೂರಿನ ಘನಗಾತ್ರದಿಂದ, ಮತ್ತೆ ತ್ರಿಜ್ಯದ ಮೂರನೇ ಎರಡರಿಂದ ಭಾಗಿಸಿ. ಹಿಡಿತದ ಬಲ ಘನ ಮೀಟರ್‌ಗೆ ಸುಮಾರು 29 ಲಕ್ಷ ನ್ಯೂಟನ್. ಮೊದಲ ಅಂದಾಜಿಗೆ ಇಷ್ಟು ಸಾಕು.

ಹಲಗೆ ನಿಲ್ಲಿಸಿದ ಮೇಲೂ ಚುಕ್ಕೆ ಮೆಲ್ಲಗೆ ಹಿಂದಕ್ಕೆ ಜಾರಿದರೆ ತಂತಿಯನ್ನು ಬೈಯಬೇಡಿ. ಆ ಚಳಿಯಲ್ಲೂ ಇರುವ ಚೂರುಪಾರು ಬಿಸಿಯೇ ಸುಳಿಗಳನ್ನು ಅಲುಗಿಸಿ ಬಿಡಿಸುತ್ತಿರುತ್ತದೆ. ಅದಕ್ಕೇ ಪ್ರತಿ ಸಲವೂ ನಿಲ್ಲಿಸಿ ಸರಿಯಾಗಿ ಅಷ್ಟೇ ಸೆಕೆಂಡ್ ಆದಮೇಲೆ ಅಳತೆ ಬರೆದುಕೊಳ್ಳಿ.